ಉಳಿದ ಎರಡು ಹುಣಸೆಬೀಜ

ಅಕ್ಷರ ಕಲಿಸಿದವರೆಲ್ಲರಿಗೂ, ಅವರ ನಾಲಗೆಯಲ್ಲಿ ನೆಲೆಸಿದ ವಾಗ್ದೇವಿಗೂ ಮೊದಲು ಕೈಮುಗಿಯುತ್ತೇನೆ.

ನಮ್ಮ ಹೆಡ್‌ಮಾಸ್ತರರ ಬಲಗೈ ಹೆಬ್ಬೆರಳು ಸದಾ ಕೆಂಪು ಶಾಯಿಯ ಬಣ್ಣದಲ್ಲಿರುತ್ತಿತ್ತು. ಸೋರುವ ಪೆನ್ನನ್ನು ಅವರು ಬದಲಿಸಲೇ ಇಲ್ಲ. “ಸೋರೂ ಪೆನ್ನಿದ್ರ ತಪ್ಪ ಹಾಕೂಮುಂದ ಕೈ ಸಾವಕಾಶ ಹೋಗತೈತ್ರಿ” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಹಳಿಯಾಳ ಸೀಮೆಯ ಆ ಶಾಲೆಗೆ ನಾನು ಕನ್ನಡ ಪಂಡಿತನಾಗಿ ಸೇರಿದೆ. ಆ ವರ್ಷ ಎಂಟನೆಯ ತರಗತಿಯ ಐವರು ಮಕ್ಕಳು ಕೂಡಿ ಕಾಳಿ ನದಿಯ ಮಣ್ಣಿನ ನಕ್ಷೆ ಮಾಡಿದರು. ಯಾರೆಷ್ಟು ದುಡಿದರೆಂಬುದನ್ನು ಮಕ್ಕಳೇ ಹೇಳಲೆಂಬುದು ಹೆಡ್‌ಮಾಸ್ತರರ ಇಚ್ಛೆ. “ನಿಮ್ಮನ್ನ ಬಿಟ್ಟ ಉಳಿದವರಿಗೆ ಹತ್ತರಾಗ ನಂಬರ ಹಾಕ್ರಿ” ಎಂದು ಚೀಟಿ ಹಂಚಿದರು.

ಕೂಡಿಸುವ ಕೆಲಸ ನನ್ನದು. ಜೋಯಿಡಾ ಕಡೆಯ ಸಿದ್ದಿ ಹುಡುಗಿಗೆ ನಾಲ್ಕೂ ಚೀಟಿಗಳಲ್ಲಿ ಒಂದೊಂದೇ ಅಂಕ. ಸಮಾಜಪಾಠದಲ್ಲಿ ಮೊದಲೇ ಹಿಂದಿದ್ದವಳು ಇದರಿಂದ ನಪಾಸಾಗಿ ಅದೇ ತರಗತಿಯಲ್ಲಿ ಉಳಿಯಬೇಕಾಗುತ್ತಿತ್ತು. ಮಾತಾಡದ ಹುಡುಗಿ, ಕೆಲಸವನ್ನೂ ಮಾಡಿರಲಾರಳೆಂದು ನಾನು ವಿಚಾರಿಸದೆ ತೀರ್ಮಾನಿಸಿದೆ.

“ಪಂಡಿತರ, ಆಕಿ ಉಗುರ ನೋಡೀರೇನು? ಇನ್ನೂ ಕೆಮ್ಮಣ್ಣ ಐತಿ” ಎಂದ ಹೆಡ್‌ಮಾಸ್ತರರು ಗುಂಪಿನ ಮುಖಂಡನನ್ನು ಕರೆದರು. “ಈಕಿಗೆ ಒಂದ ಯಾಕ ಹಾಕೀಯೋ?”

“ಒಂದ ನಂಬರ್ ಕೆಲಸ ಮಾಡ್ಯಾಳ್ರೀ ಸರ. ಗುಡ್ಡ ಎಲ್ಲಾ ಆಕೀನ ಮಾಡಿದ್ದು.”

“ಮತ್ತ ನಿನಗ ಎಲ್ಲಾರೂ ಒಂಬತ್ತ ಹಾಕ್ಯಾರಲ್ಲ?”

ಅವನು ತಲೆ ಕೆರೆದುಕೊಂಡ. “ನಾ ಬರೇ ಹುಕುಮ್ ಮಾಡೀನ್ರೀ.”

ಕನ್ನಡಕ ಜಾರುವಷ್ಟು ನಕ್ಕರು ಹೆಡ್‌ಮಾಸ್ತರರು. “ತಪ್ಪ ನಂದರೀ ಪಂಡಿತರ. ನಂಬರ ಅಂದೆ, ಯಾವ ತುದಿಯಿಂದ ಎಣಿಸಬೇಕಂತ ಹೇಳಲಿಲ್ಲ.”

ಮರುದಿನ ಪ್ರತಿಯೊಬ್ಬರ ಕೈಗೂ ಹತ್ತು ಹುಣಸೆಬೀಜ ಕೊಟ್ಟು, ಹೆಸರು ಬರೆದ ಐದು ತೆಂಗಿನ ಚಿಪ್ಪುಗಳನ್ನಿಟ್ಟರು. “ಹೆಚ್ಚ ದುಡದವರಿಗೆ ಹೆಚ್ಚ ಬೀಜ. ತಮ್ಮ ಚಿಪ್ಪಿಗೆ ತಾವ ಹಾಕೂಹಂಗಿಲ್ಲ.” ಆ ಹುಡುಗಿಯ ಚಿಪ್ಪು ತುಂಬಿತು, ಅವಳು ಪಾಸಾದಳು. ಆದರೆ ಅವಳು ಗೆಳೆಯರಿಗೆ ಎರಡೆರಡು ಹಾಕಿ, ಉಳಿದೆರಡನ್ನು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟಳು.

“ಇವು ನಿಮಗರೀ ಸರ. ನಕ್ಷಿ ಒಣಗೂತನಾ ಆಡು ಬರಲಾರದಂಗ ಕಾದವರು ನೀವರೀ.”

ಅವರು ಅವನ್ನು ಕಿಸೆಗೆ ಹಾಕಿಕೊಂಡರು.

ನಿವೃತ್ತರಾಗಿ ಕೆಲವು ವರ್ಷಗಳಲ್ಲಿ ಅವರು ಶಿವೈಕ್ಯರಾದರು. ನಾನು ಅವರ ಮನೆಗೆ ಹೋದಾಗ ದೇವರ ಜಗಲಿಯಲ್ಲಿ, ವಿಭೂತಿಯ ಪಕ್ಕ ಎರಡು ಹುಣಸೆಬೀಜಗಳಿದ್ದವು. “ಚೆಲ್ಲಾಕ ಹೋದ್ರ ಬಿಡತಿರಲಿಲ್ಲರೀ” ಎಂದರು ಅವರ ಮಡದಿ. “ಅವು ನನ್ನ ನಂಬರ, ಹುಡುಗರು ಕೊಟ್ಟಾರ ಅಂತಿದ್ರು.”

ಆ ನಕ್ಷೆಯ ವರ್ಷದಿಂದಲೇ ಅಂಕ ಬರೆಯುವ ಮೊದಲು ಮಕ್ಕಳ ಉಗುರು ನೋಡುವುದು ನನಗೆ ರೂಢಿಯಾಯಿತು. ಮಣ್ಣು ಕಲಸಿದವರಿಗೂ ನೀರು ಹೊತ್ತವರಿಗೂ ಬರೇ ಹುಕುಮ್ ಮಾಡಿದವನಿಗೂ, ಆಡು ಕಾದ ಆ ಗುರುವಿನ ಹೆಸರಿನಲ್ಲಿ, ಒಳಿತಾಗಲಿ.