ಅಮ್ಮನ ಮಾತು ಯಾರಿಗೆ ಕೇಳಿಸಿತು

2022ರ ನವೆಂಬರ್ ತಿಂಗಳ ಮೂರನೆಯ ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ಆಸುಪಾಸಿನಲ್ಲಿ, ಠಾಣೆ ನಗರದ ರೈಲು ನಿಲ್ದಾಣದ ಮೇಲ್ಸೇತುವೆಯ ಮೇಲೆ, ನನ್ನ ದೊಡ್ಡಮ್ಮನ ಬ್ಯಾಗಿನ ಹೊರಜೇಬಿನಿಂದ ಒಂದು ಬಿಳಿ ಡಬ್ಬಿ ಕಳುವಾಯಿತು. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದು. ಅದರೊಳಗೆ ಅವರ ಎರಡೂ ಕಿವಿಯ ಶ್ರವಣ ಸಾಧನಗಳಿದ್ದವು.

ಅದೇ ದಿನ ಹನ್ನೊಂದು ಇಪ್ಪತ್ತಕ್ಕೆ ನಡೆದದ್ದನ್ನು ಬರೆಯಲು ನಾನು ಇಷ್ಟು ಕಾಲ ಹಿಂಜರಿದೆ. ಇಂಥ ಬರಹಗಳನ್ನು ನಾನು ನಂಬಿದವಳಲ್ಲ. ಒಂದು ಕನ್ನಡ ಪತ್ರಿಕೆಯ ಮಹಾಪೆ ಕಚೇರಿಯಲ್ಲಿ ಸುದ್ದಿ ತಿದ್ದುವುದು ನನ್ನ ಕೆಲಸ. ಓದುಗರು ಆಗಾಗ ತಮ್ಮ ವಿಚಿತ್ರ ಅನುಭವಗಳನ್ನು ಕಳಿಸುತ್ತಾರೆ. ಸತ್ತವರು ಬಂದು ಬಾಗಿಲು ತಟ್ಟಿದ್ದು, ನಿಂತುಹೋದ ಗಡಿಯಾರ ಓಡಿದ್ದು. ಎಷ್ಟು ಗಂಟೆಗೆ ಎಂದು ಬರೆದಿಲ್ಲ, ನೋಡಿದವರು ಇನ್ನೊಬ್ಬರಿಲ್ಲ ಎಂದು ನಾನು ಅವನ್ನು ಪಕ್ಕಕ್ಕೆ ಇಡುತ್ತಿದ್ದೆ. ನನ್ನ ಈ ಬರಹದಲ್ಲಿ ಗಂಟೆ ನಿಮಿಷಗಳಿವೆ, ಏಕೆಂದರೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ ನನ್ನದು. ಸಾಕ್ಷಿಯ ವಿಷಯವನ್ನು ನೀವೇ ತೀರ್ಮಾನಿಸಿ.

ಅಮ್ಮ ಆಗ ಐರೋಲಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದಳು. ಶ್ವಾಸಕೋಶದ ಕಾಯಿಲೆ. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳ ಒಬ್ಬಳೇ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಕಾರ್ಕಳದ ಕಡೆ ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಅಕ್ಕ ತಂಗಿ ಒಂಬತ್ತು ವರ್ಷದಿಂದ ಮಾತಾಡುತ್ತಿರಲಿಲ್ಲ. ಅಜ್ಜಿ ತೀರಿಕೊಂಡ ದಿನ ಅಮ್ಮ ಡೊಂಬಿವಲಿಯಿಂದ ಹೊರಟು ರೈಲಿನಲ್ಲಿದ್ದಳು. ದೊಡ್ಡಮ್ಮ ಅವಳಿಗಾಗಿ ಕಾಯದೆ ದಹನ ಮುಗಿಸಿಬಿಟ್ಟಿದ್ದರು. ತಾಯಿಯ ಮುಖ ನೋಡಲು ಬಿಡಲಿಲ್ಲ ಎಂಬ ಒಂದೇ ಮಾತನ್ನು ಅಮ್ಮ ಒಂಬತ್ತು ವರ್ಷ ಹೇಳಿಕೊಂಡು ಬಂದಳು. ಅಕ್ಕನನ್ನು ಹೆಸರು ಹಿಡಿದೂ ಕರೆಯುತ್ತಿರಲಿಲ್ಲ, ಅಕ್ಕ ಎಂದೂ ಅನ್ನುತ್ತಿರಲಿಲ್ಲ. ‘ಕಾರ್ಕಳದವರು’ ಅನ್ನುತ್ತಿದ್ದಳು.

ಐಸಿಯು ಸೇರಿದ ಮೂರನೆಯ ದಿನ ಅವಳು ತಾನಾಗಿ, ಅವರನ್ನು ಕರೆಸು, ಒಂದು ಮಾತು ಹೇಳಬೇಕು ಎಂದಳು. ನನಗೆ ಹೇಳು, ಫೋನಿನಲ್ಲಿ ತಿಳಿಸುತ್ತೇನೆ ಎಂದೆ. “ನಿನಗೆ ಹೇಳಿದ್ರೆ ನಾಳೆ ಪೇಪರಲ್ಲಿ ಬಂದೀತು ಮಾರಾಯ್ತಿ,” ಎಂದು ನಕ್ಕಳು. ಆ ನಗುವಿಗೆ ಉಸಿರು ಸಿಗದೆ ಮತ್ತೆ ಐದು ನಿಮಿಷ ಒದ್ದಾಡಿದಳು. ಹೇಳಬೇಕಾದದ್ದು ಕ್ಷಮಿಸಿದ ಮಾತೋ, ಕೊನೆಯ ಬೈಗುಳವೋ, ನನಗೆ ಗೊತ್ತಾಗಲಿಲ್ಲ. ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ಅದನ್ನು ಕೇಳಿಸಿಕೊಳ್ಳಲೆಂದೇ ಅವರು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಒಬ್ಬರೇ ರೈಲು ಹತ್ತಿ ಮಂಗಳವಾರ ಡೊಂಬಿವಲಿಗೆ ಬಂದರು.

ಊರಿನಿಂದ ಬರುವವರು ಲೋಕಲ್ ರೈಲಿನಲ್ಲಿ ಹೇಗೆ ಎಚ್ಚರದಿಂದ ಇರಬೇಕು ಎಂಬ ಬರಹವನ್ನು ಪ್ರತಿ ವರ್ಷ ಹಬ್ಬದ ಮುಂಚೆ ನಮ್ಮ ಪತ್ರಿಕೆಗೆ ಬರೆಯುವವಳು ನಾನೇ. ಬುಧವಾರ ಬೆಳಿಗ್ಗೆ ಅದರಲ್ಲಿದ್ದ ಎಲ್ಲವನ್ನೂ ದೊಡ್ಡಮ್ಮನ ಮೇಲೆ ಪ್ರಯೋಗ ಮಾಡಿದೆ. ಬಳೆಗಳನ್ನು ಬಿಚ್ಚಿಸಿ ಕಪಾಟಿನಲ್ಲಿಟ್ಟೆ. ಕರಿಮಣಿಯನ್ನು ರವಿಕೆಯ ಒಳಕ್ಕೆ ತಿರುಗಿಸಿ ಸೇಫ್ಟಿ ಪಿನ್ ಹಾಕಿದೆ. ಫೋನನ್ನು ಸೊಂಟದ ಬಟ್ಟೆ ಚೀಲಕ್ಕೆ ಸೇರಿಸಿದೆ. ಬ್ಯಾಗನ್ನು ಎದೆಯ ಮುಂದೆ ತೂಗುಹಾಕಿದೆ.

“ಇದೆಂಥದು, ತಂಗಿಯನ್ನು ನೋಡ್ಲಿಕ್ಕೆ ಹೋಗುವುದಾ, ಯುದ್ಧಕ್ಕೆ ಹೋಗುವುದಾ?” ಎಂದರು ದೊಡ್ಡಮ್ಮ.

“ಇದು ನಿಮ್ಮ ಕಾರ್ಕಳದ ಬಸ್‌ಸ್ಟ್ಯಾಂಡ್ ಅಲ್ಲ, ದೊಡ್ಡಮ್ಮ.”

“ನಮ್ಮಲ್ಲಿ ಕಳ್ಳರಿಲ್ಲ ಅಂತ ಗ್ರಹಿಸಿದ್ದೀಯಾ? ಇದ್ದಾರೆ. ಅವರ ಮನೆ ಯಾವುದು ಅಂತ ನಮಗೆ ಗೊತ್ತುಂಟು, ಅಷ್ಟೇ.”

ಕಿವಿಯ ಮೆಷಿನ್ ತೆಗೆಸಿದವಳೂ ನಾನೇ. ಮಹಿಳೆಯರ ಬೋಗಿಯ ನೂಕುನುಗ್ಗಲಿನಲ್ಲಿ ಯಾರದೋ ದುಪಟ್ಟಾಕ್ಕೆ ಸಿಕ್ಕಿ ಬಿದ್ದರೆ ಮತ್ತೆ ಸಿಗುವುದಿಲ್ಲ ಎಂದು ಹೆದರಿ, ಎರಡನ್ನೂ ಅದರ ಚಾರ್ಜಿಂಗ್ ಡಬ್ಬಿಯಲ್ಲಿ ಇಡಿಸಿದೆ. ಬ್ಯಾಗಿನ ಒಳಜೇಬು ಆಸ್ಪತ್ರೆಯ ಕಾಗದಗಳಿಂದ ತುಂಬಿತ್ತು. ಕರ್ಚೀಫು, ಬಾಚಣಿಗೆಯ ಜೊತೆ ಹೊರಜೇಬಿಗೆ ಹಾಕಿದೆ. ಅದು ಕದಿಯುವಂಥ ವಸ್ತು ಎಂದು ನನಗೆ ಹೊಳೆಯಲೇ ಇಲ್ಲ.

ಠಾಣೆಯಲ್ಲಿ ಇಳಿದು ಐರೋಲಿಯ ಗಾಡಿಗಾಗಿ ಜನರ ನಡುವೆ ನೂಕಾಡಿಕೊಂಡು ಸೇತುವೆ ದಾಟಿದೆವು. ಐರೋಲಿಯಲ್ಲಿ ಇಳಿದು ಮೆಷಿನ್ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದಾಗ ಹೊರಜೇಬಿನ ಜಿಪ್ ತೆರೆದಿತ್ತು. ಕರ್ಚೀಫು, ಬಾಚಣಿಗೆ ಇದ್ದವು. ಆ ಶನಿವಾರ ದೂರು ಬರೆಸಿಕೊಂಡ ಪೊಲೀಸಿನವರು, “ಚೋರಾಲಾ ವಾಟಲಂ ಇಯರ್‌ಬಡ್ಸ್ ಆಹೇತ್, ತಾಯೀ,” ಎಂದರು. ಹಾಡು ಕೇಳುವ ಇಯರ್‌ಬಡ್ ಎಂದು ಕಳ್ಳ ಭಾವಿಸಿದ್ದಾನೆ ಎಂದು ಅರ್ಥ. ಎರಡರ ಡಬ್ಬಿಯೂ ನೋಡಲು ಒಂದೇ.

ಮೆಷಿನ್ ಇಲ್ಲದೆ ದೊಡ್ಡಮ್ಮನಿಗೆ ಕಿವಿಯ ಹತ್ತಿರ ಕೂಗಿದರೂ ಕೇಳುವುದಿಲ್ಲ. ನಾನು ನೋಟ್‌ಬುಕ್ಕಿನಲ್ಲಿ, ಅಮ್ಮನಿಗೆ ತಿಳಿಸಿ ನಾಳೆ ಬರೋಣವೇ ಎಂದು ಬರೆದು ತೋರಿಸಿದೆ. ಅವರು ಬೇಡವೆಂದು ತಲೆಯಾಡಿಸಿದರು.

“ಅವಳಿಗೆ ಹೇಳ್ಬೇಡ. ಒಂಬತ್ತು ವರ್ಷಕ್ಕೆ ಬಾಯಿ ಬಿಡ್ತಾ ಇದ್ದಾಳೆ. ನಾನು ತುಟಿ ನೋಡಿ ತಿಳ್ಕೊಳ್ತೇನೆ.”

ತುಟಿ ಕಾಣಲಿಲ್ಲ. ಅಮ್ಮನ ಮೂಗು ಬಾಯಿಗಳ ಮೇಲೆ ಆಮ್ಲಜನಕದ ಮುಖವಾಡವಿತ್ತು. ಒಮ್ಮೆಗೆ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದುದರಿಂದ ನಾನು ಬಾಗಿಲಿನ ಗಾಜಿನ ಆಚೆ ನಿಂತು ನೋಡುತ್ತಿದ್ದೆ. ಹನ್ನೊಂದು ಇಪ್ಪತ್ತಕ್ಕೆ ದೊಡ್ಡಮ್ಮ ಹಾಸಿಗೆಯ ಪಕ್ಕ ಕೂತರು. ಅಮ್ಮ ಅವರ ಮಣಿಕಟ್ಟು ಹಿಡಿದುಕೊಂಡು ಮಾತಾಡತೊಡಗಿದಳು. ಮುಖವಾಡದ ಒಳಭಾಗ ಮಸುಕಾಗಿ ತಿಳಿಯಾಗುತ್ತಿತ್ತು. ನಡುವೆ ಅತ್ತಳು. ದೊಡ್ಡಮ್ಮ ಪ್ರತಿ ಮಾತಿಗೂ ಹೂಂ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದರು. ಐದಾರು ನಿಮಿಷದ ಹೊತ್ತಿಗೆ ಅಮ್ಮ ಕೈ ಬಿಟ್ಟು ಕಣ್ಣು ಮುಚ್ಚಿದಳು. ಅವಳ ಮುಖ ಅಷ್ಟು ಹಗುರವಾದದ್ದನ್ನು ನಾನು ಆ ತಿಂಗಳಲ್ಲಿ ನೋಡಿರಲಿಲ್ಲ.

ಹೊರಗೆ ಬಂದ ದೊಡ್ಡಮ್ಮ ಬೆಂಚಿನ ಮೇಲೆ ಕೂತು, “ಒಳಗೆ ರೇಡಿಯೋ ಇಟ್ಟಿದ್ದಾರಾ?” ಎಂದು ಕೇಳಿದರು.

ಇಲ್ಲ ಎಂದು ಬರೆದೆ.

“ಅವಳದ್ದು ಒಂದಕ್ಷರ ಕೇಳ್ಲಿಲ್ಲ. ಬೇರೆ ಯಾರದ್ದೋ ಕೇಳಿತು. ಮೆಷಿನ್ ಹಾಕಿದಾಗ ಕೇಳುವ ಹಾಗೆಯೇ, ಸ್ವಚ್ಛ. ಮೊದಲು ಕುಕ್ಕರ್ ವಿಸಿಲ್. ಮತ್ತೆ ಒಬ್ಬ ಹೆಂಗಸು. ಹಿಂದಿ ಅಂತ ಕಾಣ್ತದೆ. ಬರ್ಕೋ, ಮರೆತು ಹೋಗ್ತದೆ.”

ಶಾಲೆಯಲ್ಲಿ ಉಕ್ತಲೇಖನ ಕೊಡುವ ಹಾಗೆ ಅವರು ಒಂದೊಂದೇ ಪದ ಬಿಡಿಸಿ ಹೇಳಿದರು. ನಾನು ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆದುಕೊಂಡೆ. ಆ ಪುಟ ಈಗಲೂ ನನ್ನ ಬಳಿ ಇದೆ. “ಇಸ್ ಮೇ ಗಾನಾ ನಹೀ ಆತಾ. ಕೋಯೀ ಬುಡ್ಢೀ ಬಾತ್ ಕರ್ ರಹೀ ಹೈ. ರೋ ಭೀ ರಹೀ ಹೈ. ಅಕ್ಕಾ ಅಕ್ಕಾ ಬೋಲ್ ರಹೀ ಹೈ. ಕೌನ್ಸೀ ಭಾಷಾ ಹೈ ರೇ?” ಆಮೇಲೆ ಒಬ್ಬ ಗಂಡಸಿನ ದನಿ: “ಮದ್ರಾಸೀ ಲಗ್ತೀ ಹೈ. ನಿಕಾಲ್ ಕಾನ್ ಸೇ.”

ಇದರಲ್ಲಿ ಹಾಡು ಬರುತ್ತಿಲ್ಲ. ಯಾರೋ ಮುದುಕಿ ಮಾತಾಡುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ. ಅಕ್ಕ ಅಕ್ಕ ಅನ್ನುತ್ತಿದ್ದಾಳೆ. ಇದು ಯಾವ ಭಾಷೆ? ಮದ್ರಾಸಿ ಇರಬೇಕು, ಕಿವಿಯಿಂದ ತೆಗೆ.

“ಏನು ಅರ್ಥ?” ಎಂದರು ದೊಡ್ಡಮ್ಮ. ಯಾರೋ ಹಾಡಿನ ವಿಷಯ ಮಾತಾಡಿದ್ದು ಎಂದಷ್ಟೇ ಬರೆದು ತೋರಿಸಿದೆ. ಆ ಸಾಲು ಪುಟದಲ್ಲಿ ಓರೆಯಾಗಿದೆ.

ಅಮ್ಮನ ಹಾಸಿಗೆಯ ಬಳಿ ಆಗ ಇದ್ದ ಇನ್ನೊಬ್ಬರೆಂದರೆ ಕೇರಳದ ಒಬ್ಬ ನರ್ಸ್. ಡ್ರಿಪ್ ಬದಲಿಸುತ್ತಿದ್ದವರು. ಹೊರಗೆ ಬಂದಾಗ ಅವರನ್ನು ತಡೆದು, ಅಮ್ಮ ಏನು ಹೇಳಿದಳು ಎಂದು ಕೇಳಿದೆ. “ಪೂರಾ ಕನ್ನಡ್ ಮೇ ಥಾ. ಅಕ್ಕಾ ಅಕ್ಕಾ ಬಹುತ್ ಬಾರ್ ಬೋಲಾ, ಉತ್ನಾಹೀ ಸಮ್ಝಾ,” ಎಂದರು. ಎಲ್ಲ ಕನ್ನಡದಲ್ಲಿತ್ತು, ಮತ್ತೆ ಮತ್ತೆ ಅಕ್ಕ ಎಂದದ್ದಷ್ಟೇ ಅವರಿಗೆ ತಿಳಿದದ್ದು. ನೋಟ್‌ಬುಕ್ಕನ್ನು ನಾನು ಅವರಿಗೆ ತೋರಿಸಿರಲಿಲ್ಲ.

ಸಂಜೆ ಐದಕ್ಕೆ ಮತ್ತೆ ಒಳಗೆ ಬಿಡುವ ಸಮಯ. ಅಷ್ಟರಲ್ಲಿ ಐರೋಲಿಯ ಎರಡು ಅಂಗಡಿಗಳಲ್ಲಿ ವಿಚಾರಿಸಿದೆ. ಕಿವಿ ಪರೀಕ್ಷೆ ಮಾಡದೆ ಮೆಷಿನ್ ಕೊಡುವಂತಿಲ್ಲ, ಎರಡು ದಿನ ಬೇಕು ಎಂದರು. ಐದಕ್ಕೆ ನಾನೇ ಒಳಗೆ ಹೋದೆ. ಏನು ಹೇಳಿದೆ ಎಂದು ಅಮ್ಮನ ಬಾಯಿಂದಲೇ ಕೇಳಿ ಬರೆದುಕೊಳ್ಳುವುದೆಂದು ನಿಶ್ಚಯಿಸಿದ್ದೆ. ಅವಳು ನಿದ್ದೆಯಲ್ಲಿದ್ದಳು. ಎಬ್ಬಿಸಬೇಡಿ ಎಂದರು. ಗುರುವಾರ ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆಯಿಂದ ಫೋನ್ ಬಂತು. ಅಮ್ಮ ಮತ್ತೆ ಎಚ್ಚರಗೊಳ್ಳಲೇ ಇಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಆ ಹಿಂದಿ ಸಾಲುಗಳ ಅರ್ಥವನ್ನು ದೊಡ್ಡಮ್ಮನಿಗೆ ಬರೆದು ಕೊಟ್ಟೆ. ಅವರು ಎರಡು ಸಲ ಓದಿದರು. ಕಾಗದ ಮಡಚುತ್ತಾ, “ನಾನು ಎಂಥದಕ್ಕೆ ತಲೆ ಅಲ್ಲಾಡಿಸಿದೆನೋ. ಬೈದದ್ದಕ್ಕೋ, ಬೇರೆಯದಕ್ಕೋ,” ಎಂದರು. ಕಾಗದವನ್ನು ಮತ್ತೆ ಬಿಡಿಸಿ, “ಅಕ್ಕ ಅಂದಳಂತಲ್ಲ. ಮುಂದೆ ಎಂಥ ಅಂದಳು?” ಎಂದು ನನ್ನನ್ನೇ ಕೇಳಿದರು.

ಡೊಂಬಿವಲಿಯ ಕಿವಿಯ ಡಾಕ್ಟರನ್ನು ಕಂಡೆ. ಮೆಷಿನ್ ತೆಗೆದಾಗ ಕೆಲವರ ಮಿದುಳು ತಾನೇ ಸದ್ದು ಹುಟ್ಟಿಸಿಕೊಳ್ಳುತ್ತದೆ, ಹಾಡು, ಮಾತು ಎಲ್ಲ ಕೇಳಿಸಬಹುದು, ಇದು ಅಪರೂಪವಲ್ಲ ಎಂದರು. ನಾನು ಒಪ್ಪಿದೆ. ಊರಿನಿಂದ ಬರುವಾಗ ರೈಲಿನಲ್ಲಿ ದೊಡ್ಡಮ್ಮನ ಕಿವಿಗೆ ಹಿಂದಿ ಬಿದ್ದಿರಬಹುದು. ಅಮ್ಮ ಅತ್ತದ್ದನ್ನು ಅವರು ಕಣ್ಣಾರೆ ನೋಡಿದ್ದರು. ತಂಗಿ ಅಕ್ಕ ಎಂದು ಕರೆಯಲಿ ಎಂಬ ಆಸೆ ಒಂಬತ್ತು ವರ್ಷದಿಂದ ಇತ್ತು. ಇವೆಲ್ಲ ಕೂಡಿ ಆ ಮಾತುಗಳಾಗಿರಬಹುದು. ಡಬ್ಬಿ ಕದ್ದ ಸಂಗತಿ ಆಗಲೇ ಗೊತ್ತಿತ್ತು ಎಂಬುದನ್ನೂ ಸೇರಿಸಬೇಕು. ಆದರೆ ಕಳ್ಳ ಅದನ್ನು ಇಯರ್‌ಬಡ್ ಎಂದು ತಿಳಿದಿರಬಹುದು ಎಂಬುದು ಆ ಬುಧವಾರ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಪೊಲೀಸಿನವರು ಹಾಗೆ ಹೇಳಿದ್ದು ಶನಿವಾರ.

ಕಳ್ಳನನ್ನು ಹುಡುಕುವ ಉದ್ದೇಶ ನನಗೆ ಉಳಿಯಲಿಲ್ಲ. ಹಿಂದಿ ಮತ್ತು ಮರಾಠಿಯಲ್ಲಿ ಒಂದು ಚೀಟಿ ಮಾಡಿಸಿ ಠಾಣೆ, ಡೊಂಬಿವಲಿ, ಕಲ್ಯಾಣ ನಿಲ್ದಾಣಗಳ ಹೊರಗಿನ ಚಹಾ ಅಂಗಡಿಗಳಲ್ಲಿ, ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಕೇಳಿಕೊಂಡು ಅಂಟಿಸಿದೆ. ಠಾಣೆ ಸೇತುವೆಯ ಮೇಲೆ ಸಿಕ್ಕ ಬಿಳಿ ಡಬ್ಬಿಯನ್ನು ಹಿಂದಿರುಗಿಸಬೇಕಾಗಿಲ್ಲ, ಕೇಸು ಹಾಕುವುದಿಲ್ಲ, ಅದನ್ನು ಕಿವಿಗೆ ಹಾಕಿಕೊಂಡಾಗ ಕೇಳಿಸಿದ್ದನ್ನು ಫೋನ್ ಮಾಡಿ ತಿಳಿಸಿದರೆ ಸಾಕು ಎಂದು ಬರೆದಿತ್ತು. ಕೆಳಗೆ ನನ್ನ ನಂಬರು. ಅಮ್ಮನ ವಿಷಯ ಅದರಲ್ಲಿ ಇರಲಿಲ್ಲ. ಅಕ್ಕ ಎಂಬ ಪದವೂ ಇರಲಿಲ್ಲ. ಒಬ್ಬ ಅಂಗಡಿಯವನು ಓದಿ, “ಮ್ಯಾಡಮ್, ತಬಿಯತ್ ಠೀಕ್ ಹೈ ನಾ?” ಎಂದು ನನ್ನ ಆರೋಗ್ಯ ವಿಚಾರಿಸಿದ. ನಂತರದ ತಿಂಗಳುಗಳಲ್ಲಿ ಬಂದ ಕರೆಗಳೆಲ್ಲ ಹೊಸ ಮೆಷಿನ್ ಮಾರುವವರದು.

ದೊಡ್ಡಮ್ಮ ಊರಿಗೆ ಹಿಂದಿರುಗಿದರು. ನಾನು ಕಳಿಸಿದ ಹೊಸ ಮೆಷಿನನ್ನು ದಿನವೆಲ್ಲ ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಹನ್ನೊಂದು ಗಂಟೆಯಿಂದ ಹನ್ನೊಂದೂವರೆಯವರೆಗೆ ಮಾತ್ರ ತೆಗೆದಿಟ್ಟು ಜಗಲಿಯಲ್ಲಿ ಕೂರುತ್ತಾರೆ. ಆ ಹೊತ್ತಿನಲ್ಲಿ ಯಾರು ಬಂದರೂ ಎದ್ದು ಹೋಗುವುದಿಲ್ಲ. ಏನಾದರೂ ಕೇಳಿಸಿತೇ ಎಂದು ನಾನು ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತೇನೆ. ಇಲ್ಲ ಅನ್ನುತ್ತಾರೆ.

ಕಳೆದ ತಿಂಗಳ ಎಂಟನೆಯ ತಾರೀಖು ಮಧ್ಯಾಹ್ನ ಎರಡು ಹತ್ತಕ್ಕೆ, ನಾನು ಮಹಾಪೆಯ ಕಚೇರಿಯಲ್ಲಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಒಬ್ಬ ಹೆಂಗಸು. ಠಾಣೆಯ ಬಿಳಿ ಡಬ್ಬಿ ನಿಮ್ಮದೇ ಎಂದು ಹಿಂದಿಯಲ್ಲಿ ಕೇಳಿದಳು. ಹೌದು, ಏನು ಕೇಳಿಸಿತು ಹೇಳಿ ಎಂದೆ.

“ಪೆಹಲೇ ಯೇ ಬತಾವೋ,” ಎಂದಳು. “ವೋ ಅಕ್ಕಾ ಅಕ್ಕಾ ಬೋಲ್‌ನೇವಾಲೀ ಜಿಂದಾ ಹೈ ಕ್ಯಾ?”

ಅಕ್ಕ ಅಕ್ಕ ಅನ್ನುತ್ತಿದ್ದವಳು ಬದುಕಿದ್ದಾಳೆಯೇ, ಮೊದಲು ಅದನ್ನು ಹೇಳಿ ಎಂದು ಆಕೆ ಕೇಳಿದ್ದು. ಇಲ್ಲ, ಮರುದಿನ ಬೆಳಿಗ್ಗೆ ತೀರಿಕೊಂಡಳು ಎಂದೆ. ಕರೆ ಕಡಿದುಹೋಯಿತು. ಒಟ್ಟು ನಲವತ್ತೊಂದು ಸೆಕೆಂಡಿನ ಕರೆ. ಕೂಡಲೇ ತಿರುಗಿ ಮಾಡಿದಾಗ ಆ ನಂಬರು ಸ್ವಿಚ್ ಆಫ್ ಆಗಿತ್ತು. ನಿನ್ನೆ ಸಂಜೆ ಆರು ಗಂಟೆಗೆ ಮಾಡಿದಾಗಲೂ ಸ್ವಿಚ್ ಆಫ್ ಆಗಿದೆ.