ಬಸ್ಸಿನ ಯಜಮಾನರು ಕಲಿತ ಪಾಠ

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಓಡುತ್ತಿದ್ದ ಬಸ್ಸಿನ ಯಜಮಾನರು ಅವರು. ಅವರಿಗಿದ್ದದ್ದು ಅದೊಂದೇ ಬಸ್ಸು. ಒಂದು ವರ್ಷ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋಗಿದ್ದಾಗ, ಅವರೆಲ್ಲ ಕೂತಿದ್ದ ಸುತ್ತುವ ತೊಟ್ಟಿಲು ಕರೆಂಟು ಹೋಗಿ ಮೇಲೆಯೇ ನಿಂತುಬಿಟ್ಟಿತಂತೆ. ತೊಟ್ಟಿಲಿನವನು ಕೆಳಗಿನಿಂದ ಏನಾಗಿದೆ, ಏನು ಮಾಡುತ್ತಿದ್ದೇನೆ ಎಂದು ಕೂಗಿ ಹೇಳುತ್ತಲೇ ಇದ್ದನಂತೆ, ಮಕ್ಕಳು ಅಳಲಿಲ್ಲವಂತೆ. ಊರಿಗೆ ಬಂದ ಯಜಮಾನರು ತಮ್ಮ ಡ್ರೈವರಿಗೆ ಅದನ್ನೇ ವ್ಯಾಪಾರದ ಪಾಠ ಮಾಡಿದರು. "ಗಾಡಿ ಕೆಟ್ರೆ ಜನಕ್ಕೆ ಇದ್ದದ್ದು ಇದ್ದಂಗೆ ಯೋಳು ಕಣ್ಲಾ. ಆಮೇಲೆ ಬಾನೆಟ್ ಎತ್ತು."

"ದಿನಾ ಕೆಡೋ ಗಾಡಿ ಸಾ, ಗಂಟ್ಲು ಕಟ್ಕತದೆ" ಎನ್ನುತ್ತಿದ್ದ ಅವನು.

ಒಂದು ಮಳೆಗಾಲದ ಸಂಜೆ, ತುಂಬಿದ ಹಳ್ಳದ ಸೇತುವೆಯ ನಡುವೆ ಬಸ್ಸು ನಿಂತಿತು. ನಾನು ಹಿಂದಿನ ಸೀಟಿನಲ್ಲಿದ್ದೆ. ಅವತ್ತು ಬಸ್ಸಿನಲ್ಲೇ ಇದ್ದ ಯಜಮಾನರು ಮೊಣಕಾಲುದ್ದ ನೀರಿಗಿಳಿದು ಬಾಗಿಲು ಹಿಡಿದು ನಿಂತರು. "ನೀರು ಏರ್ತಾ ಐತೆ. ಗಾಡಿ ಇನ್ನು ಓಗಾಕಿಲ್ಲ. ಕೈ ಕೈ ಇಡ್ಕಂಡು ಇಳೀರಿ."

"ನನ್ ಕೋಳಿ?" ಎಂದಳು ಅಜ್ಜಿಯೊಬ್ಬಳು.

"ಕೋಳೀನೂ ಬರ್ಲಿ, ನೀನ್ ಮೊದ್ಲು ಇಳಿಯವ್ವ."

ನಾವೆಲ್ಲ ದಡ ಸೇರಿ ನಿಂತಾಗ ಬಸ್ಸು ಮೆಲ್ಲಗೆ ವಾಲಿ ಹಳ್ಳಕ್ಕೆ ಬಿತ್ತು. ಯಜಮಾನರು ನಮ್ಮ ಕಡೆ ತಿರುಗಿದರು.

"ನಮ್ ಬಸ್ ಓಯ್ತು. ನಾಳಿಂದ ಬೇರೆ ಬಸ್ ನೋಡ್ಕಳ್ರಪ್ಪ" ಎಂದರು.