ಗೋಡೌನಿನಲ್ಲಿ ಮಾಗಿದ ಟೈರು

ನಮ್ಮ ಯಜಮಾನರು ನಗುತ್ತಾ ಮನೆಗೆ ಬಂದರೆ ನನಗೆ ಅನುಮಾನ. ಏನನ್ನೋ ಕೊಂಡಿದ್ದಾರೆ, ಇಲ್ಲವೇ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ಹೋದ ವರ್ಷ ಹಾಗೆ ನಗುತ್ತಾ ಬಂದ ದಿನ ಗುಬ್ಬಿಯ ನಮ್ಮ ಮನೆ ಮುಂದೆ ಎರಡೇ ಬಾಗಿಲಿನ, ಹಿಂದೆ ಹೆಸರಿಗಷ್ಟೇ ಸೀಟಿದ್ದ, ನೆಲಕ್ಕೆ ಅಂಟಿಕೊಂಡಂತಿದ್ದ ಒಂದು ಬೆಳ್ಳಿ ಬಣ್ಣದ ಕಾರು ನಿಂತಿತ್ತು. ವಿದೇಶಿ ಸ್ಪೋರ್ಟ್ಸ್ ಕಾರು. ಹೊಸದಾಗಿದ್ದಾಗ ದೊಡ್ಡ ದೊಡ್ಡವರ ಮನೆಯಲ್ಲಷ್ಟೇ ಇರುತ್ತಿದ್ದ ಜಾತಿ. ಈಗ ವಯಸ್ಸಾಗಿ, ಬೆಂಗಳೂರಿನ ಯಾರದೋ ಬೇಸ್‌ಮೆಂಟಿನಲ್ಲಿ ಹೊದ್ದು ಮಲಗಿತ್ತಂತೆ. ಅಷ್ಟು ಚೆನ್ನಾಗಿದ್ದರೆ ಆ ಪುಣ್ಯಾತ್ಮ ಯಾಕೆ ಮಾರಿದ ಎಂದು ಕೇಳಿದೆ.

ಅವರದು ಕೊಬ್ಬರಿ ವ್ಯಾಪಾರ. ಆಯಸ್ಸೆಲ್ಲ ಗೂಡ್ಸ್ ಆಟೋದ ಮುಂದಿನ ಸೀಟಿನಲ್ಲಿ ಮೂಟೆಗಳ ಜೊತೆ ಓಡಾಡಿದವರು. ಇಂಥ ಕಾರೊಂದು ಬೇಕೆಂದು ಯಾವಾಗ ಆಸೆ ಹುಟ್ಟಿತ್ತೋ, ನನಗೆ ಒಂದು ದಿನವೂ ಹೇಳಿರಲಿಲ್ಲ. ಮನೆಯಲ್ಲಿದ್ದ ಸಾಧಾರಣ ಕಾರನ್ನು ತಮ್ಮನಿಗೆ ಕೊಟ್ಟು, ಇದರ ಬಾನೆಟ್ಟಿಗೆ ವಿಭೂತಿ ಬಳಿದು, ಬೆಳಿಗ್ಗೆ ಸಂಜೆ ಒರೆಸತೊಡಗಿದರು. ನಾನು ಅದರೊಳಗೆ ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ಶಿವನನ್ನು ನೆನೆಯುತ್ತಿದ್ದೆ.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ತಕರಾರು ಶುರುವಾದದ್ದು ಮಗಳ ಸೀಮಂತ ಗೊತ್ತಾದಾಗ. ಅವಳನ್ನು ಕುಣಿಗಲ್ಲಿಗೆ ಕೊಟ್ಟಿದ್ದೇವೆ. ಮೊದಲ ಹೆರಿಗೆ, ತವರಿಗೆ ಕರೆದುಕೊಂಡು ಬರಬೇಕು. ಬೀಗರ ಮನೆಯಲ್ಲಿ ಸೀಮಂತ ಮುಗಿಸಿ, ಮಡಿಲು ತುಂಬಿಸಿಕೊಂಡು, ಅವತ್ತೇ ಹೊರಡುವುದು ಎಂದು ಮಾತಾಯಿತು. ಮಗಳನ್ನು ಈ ಕಾರಿನಲ್ಲೇ ಕರೆತರುತ್ತೇನೆ ಎಂದು ಇವರು ಹಟ ಹಿಡಿದರು. ಬೀಗರ ಊರಿನ ಜನರೆಲ್ಲ ನೋಡಬೇಕೆಂಬ ಆಸೆ ಅದು, ಬೇರೇನಲ್ಲ. ಅಷ್ಟರಲ್ಲಿ ಸರ್ವಿಸಿಗೆ ಬಿಟ್ಟಿದ್ದ ಕಡೆಯಿಂದ ಫೋನು ಬಂತು. ಟೈರು ನಾಲ್ಕೂ ಬಿರುಕು ಬಿಟ್ಟಿವೆ, ಬದಲಾಯಿಸದೆ ಹೈವೇಗೆ ಹೋಗಬೇಡಿ ಎಂದರು. ಫೋನು ಸ್ಪೀಕರಿನಲ್ಲಿತ್ತು, ನನ್ನ ಕಿವಿಗೂ ಬಿತ್ತು. ಟೈರು ಸರಿಹೋಗುವ ತನಕ ನನ್ನ ಮಗಳು ಆ ಕಾರಿಗೆ ಕಾಲಿಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಟೈರು ಆರಿಸುವಾಗ ನಾನೂ ಬರುತ್ತೇನೆ ಎಂದೂ ಹೇಳಿದೆ. ಇವರೊಬ್ಬರನ್ನೇ ಬಿಟ್ಟರೆ ಯಾವನೋ ಎರಡು ಸಲ ಸಾಹುಕಾರ್ರೇ ಅಂದ ಕೂಡಲೇ ತಲೆಯಾಡಿಸಿ ಬರುತ್ತಾರೆ.

ತುಮಕೂರಿನ ಅಂಗಡಿಯಲ್ಲಿ ಮೊದಲ ಮಾತಿಗೇ ನನಗೆ ಗುಮಾನಿ ಬಂತು. ಈ ಕಾರಿಗೆ ಮುಂದಿನ ಟೈರಿನ ಅಳತೆಯೇ ಬೇರೆ, ಹಿಂದಿನದೇ ಬೇರೆ ಎಂದ ಅಂಗಡಿಯವನು. ನಾಲ್ಕು ಚಕ್ರಕ್ಕೆ ಎರಡು ಅಳತೆಯೇ? ನಮ್ಮನ್ನು ಹಳ್ಳಿಯವರೆಂದು ಆಟವಾಡಿಸುತ್ತಿದ್ದಾನೆ ಅಂದುಕೊಂಡು ಹೊರಗೆ ಹೋಗಿ, ಸೆರಗು ಎತ್ತಿಕಟ್ಟಿ, ಮುಂದಿನ ಚಕ್ರವನ್ನೂ ಹಿಂದಿನದನ್ನೂ ಗೇಣು ಹಾಕಿ ನೋಡಿದೆ. ಹಿಂದಿನದು ನಿಜವಾಗಿಯೂ ಅಗಲವಿತ್ತು. ಆ ಅಳತೆಯ ಹೊಸ ಟೈರು ಯಾರೂ ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ, ಆರ್ಡರ್ ಹಾಕಿ ತರಿಸಬೇಕು, ಬರುವುದು ಸೀಮಂತ ಕಳೆದ ಮೇಲೆಯೇ ಎಂದ. ಇನ್ನೊಂದನ್ನೂ ಹೇಳಿದ. ಟೈರಿನ ಮಗ್ಗುಲಿಗೆ ತಯಾರಾದ ವಾರ, ವರ್ಷ ಒತ್ತಿರುತ್ತಾರೆ, ಅದನ್ನು ನೋಡದೆ ಎಲ್ಲೂ ತಗೋಬೇಡಿ, ಓಡದೆ ಬಿದ್ದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ ಎಂದ. ವ್ಯಾಪಾರ ಕೈಬಿಡುವವನು ಇಷ್ಟು ಬುದ್ಧಿ ಯಾಕೆ ಹೇಳುತ್ತಾನೆ ಎಂದು ಅವನ ಮೇಲೂ ನನಗೆ ಅನುಮಾನವೇ.

ಯಾರೋ ಹೇಳಿದರೆಂದು ಅಲ್ಲಿಂದ ತುಮಕೂರು ಪಕ್ಕದ ಸತ್ಯಮಂಗಲದ ಕಡೆ ಒಂದು ಗೋಡೌನಿಗೆ ಹೋದೆವು. ಅಲ್ಲಿದ್ದವನಿಗೆ ಮೈಯೆಲ್ಲ ಮರ್ಯಾದೆ. ಕೂರಿಸಿ, ಕಾಫಿ ತರಿಸಿ, ಮೂಲೆಯಿಂದ ಪ್ಲಾಸ್ಟಿಕ್ ಸುತ್ತಿದ್ದ ನಾಲ್ಕು ಟೈರು ಉರುಳಿಸಿಕೊಂಡು ಬಂದ. ಕಾರಿನ ಜೊತೆ ವಿದೇಶದಿಂದ ಬರುತ್ತದಲ್ಲ, ಅದೇ ಟೈರಂತೆ. ಕಾರಿನ ಕಂಪನಿಯವರು ಒಪ್ಪಿ ಒತ್ತಿಸಿದ ಗುರುತೂ ಇತ್ತು. ಯಾರೋ ತರಿಸಿ, ಹಾಕಿಸದೆ ಬಿಟ್ಟದ್ದು, ರಸ್ತೆಯನ್ನೇ ಕಂಡಿಲ್ಲ ಎಂದ.

ಇವರು ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಉಗುರಿನಿಂದ ಒತ್ತಿದರು, ಗೆಣ್ಣಿನಿಂದ ತಟ್ಟಿದರು, ಮೂಗಿನ ಹತ್ತಿರ ತಂದು ಮೂಸಿದರು. ವ್ಯಾಪಾರದ ಮಂಡಿಯಲ್ಲಿ ಉಂಡೆ ಕೊಬ್ಬರಿ ನೋಡುವುದೂ ಹೀಗೆಯೇ. ನಮ್ಮ ಕಡೆ ಕಾಯನ್ನು ಕಿತ್ತ ಕೂಡಲೇ ಸುಲಿಯುವುದಿಲ್ಲ. ಅಟ್ಟದ ಮೇಲೆ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿಯೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನಬೇಕು. ಅವಸರಪಟ್ಟು ಒಣಗಿಸಿದ ಮಾಲನ್ನು ಇವರು ಮುಟ್ಟುವುದೂ ಇಲ್ಲ. ಹಳೇ ದಾಸ್ತಾನು ಎಂದರೆ ಇವರ ಬಾಯಲ್ಲಿ ಹೊಗಳಿಕೆ. ಅಕ್ಕಿ, ಹುಣಸೆಹಣ್ಣು, ಕೊಬ್ಬರಿ, ಎಲ್ಲಕ್ಕೂ ಅದೇ ನ್ಯಾಯ. ಅದನ್ನೇ ಟೈರಿಗೂ ತಂದರು.

“ಇದು ಅಟ್ಟದಲ್ಲಿ ಮಾಗಿರೋ ಮಾಲು ಕಣೇ. ಆತುರಕ್ಕೆ ಒಣಗ್ಸಿದ್ದಲ್ಲ” ಎಂದರು.

“ಕಾಯಿ ಮಾಗ್ತದೆ ಸರಿ. ರಬ್ಬರ್ ಮಾಗ್ತದಾ?” ಎಂದೆ.

ಕೊಬ್ಬರಿ ವ್ಯಾಪಾರಿಯ ಹೆಂಡತಿ ನಾನು, ನನಗೂ ಒಂದಿಷ್ಟು ಗೊತ್ತು. ಹಳೇ ಮಾಲಿಗೆ ಎಣ್ಣೆ ಸವರಿ ಮಿಂಚಿಸುವವರನ್ನು ಕಂಡಿದ್ದೇನೆ. ಟೈರಿನ ಮೇಲೆ ಬೆರಳಾಡಿಸಿದೆ. ಬೆರಳು ಕಪ್ಪಾಗಿ ಜಿಡ್ಡಾಯಿತು. ಧೂಳು ಹಿಡಿದ ಗೋಡೌನಿನಲ್ಲಿ ಇದೊಂದು ಮಾತ್ರ ಇಷ್ಟು ಹೊಳೆಯುವುದು ಹೇಗೆ? ತಾರೀಕು ತೋರಿಸಪ್ಪಾ ಎಂದೆ. ಅವನು ಟೈರನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಕೊನೆಗೆ ಅಳಿಸಿದಂತೆ ಕಾಣುತ್ತಿದ್ದ ಅಂಕಿಗೆ ಬೆರಳಿಟ್ಟ. ಮಗಳ ಮದುವೆಗಿಂತ ಎಷ್ಟೋ ಹಿಂದಿನದು. ನಾನು ಎದ್ದು ಹೊರಗೆ ನಡೆದೆ. ಇವರು ಬರುವುದು ತಡವಾಯಿತು. ಬಂದವರು, ಸರಿ ಬುಡು, ಹೊಸಾದನ್ನೇ ಎಲ್ಲಾದರೂ ಹುಡುಕಿ ತರಿಸುತ್ತೇನೆ ಎಂದರು. ಅಷ್ಟು ಬೇಗ ಒಪ್ಪಿದ್ದು ನನಗೆ ಹಿಡಿಸಲಿಲ್ಲ.

ಸೀಮಂತದ ಹಿಂದಿನ ದಿನ ಕಾರು ಬೇರೆ ಟೈರು ಹಾಕಿಕೊಂಡು ಬಂತು. ಹೊಸದು, ಬೆಂಗಳೂರಿನಲ್ಲಿ ಸಿಕ್ಕಿತು ಎಂದರು ಇವರು. ನಗುತ್ತಿದ್ದರು. ಅವರು ಸ್ನಾನಕ್ಕೆ ಹೋದದ್ದೇ ತಡ, ನಾನು ಹೋಗಿ ಟೈರು ಮುಟ್ಟಿ ನೋಡಿದೆ. ಬೆರಳು ಕಪ್ಪಾಯಿತು. ಹೊಸ ಟೈರಿಗೂ ಹೊಳಪು ಹಚ್ಚಿಯೇ ಕೊಡುತ್ತಾರೆ ಎಂದು ಆಮೇಲೆ ಕೇಳಿದ್ದಕ್ಕೆ ಇವರು ಹೇಳಿದರು. ತಾರೀಕು ಹುಡುಕಿದೆ, ಈಚೆ ಮಗ್ಗುಲಲ್ಲಿ ಇರಲಿಲ್ಲ. ಆಚೆ ಮಗ್ಗುಲು ನೋಡೋಣವೆಂದರೆ ಆ ಕಾರಿನ ಕೆಳಗೆ ಬೆಕ್ಕೂ ಯೋಚಿಸಿ ನುಗ್ಗಬೇಕು, ನನ್ನ ತಲೆ ಎಲ್ಲಿ ಹೋಗುತ್ತದೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ಸುಳ್ಳ ಎನ್ನಲು ಕೈಗೆ ಹತ್ತಿದ ಮಸಿ ಸಾಕೇ? ಆದರೆ ಬಸುರಿಯನ್ನು ಕೂರಿಸಿಕೊಂಡು ಬರುವಾಗ ಹೈವೇಯಲ್ಲಿ ಇದು ಒಡೆದರೆ?

ಮಾರನೇ ದಿನ ನಮ್ಮ ಕಡೆಯ ಹೆಂಗಸರು ಟೆಂಪೋದಲ್ಲಿ ಹೋದರು, ನಾವಿಬ್ಬರು ಕಾರಿನಲ್ಲಿ. ತುಮಕೂರು ದಾಟಿ ಕುಣಿಗಲ್ ರಸ್ತೆ ಹಿಡಿದರೂ ಇವರು ವೇಗ ಏರಿಸಲಿಲ್ಲ. ಬೇರೆ ದಿನಗಳಲ್ಲಿ ಎದುರಿಗೆ ಯಾರು ಸಿಕ್ಕರೂ ಇಂಜಿನ್ನಿನ ಸದ್ದು ಕೇಳಿಸದೆ ಬಿಡುವವರಲ್ಲ. ಅವತ್ತು ಹಾಲಿನ ಲಾರಿ ನಮ್ಮನ್ನು ದಾಟಿತು, ಹುಲ್ಲು ಹೇರಿದ ಟ್ರ್ಯಾಕ್ಟರಿನ ಹಿಂದೆಯೂ ಸುಮ್ಮನೆ ಬಂದರು. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ನಡುವೆ ಒಮ್ಮೆ ನಿಲ್ಲಿಸಿ, ಇಳಿದು, ಚಕ್ರಗಳನ್ನು ಕಾಲಿನಿಂದ ಒತ್ತಿ ಬಂದರು. ಯಾಕೆಂದು ಕೇಳಿದರೆ ಗಾಳಿ ನೋಡಿದೆ ಎಂದರು. ನಾನು ರಸ್ತೆ ನೋಡಲಿಲ್ಲ, ಅವರ ಮುಖವನ್ನೇ ನೋಡುತ್ತಾ ಕೂತೆ.

ಬೀಗರ ಮನೆ ಮುಂದೆ ಕಾರು ನಿಂತಾಗ ಇವರು ಬಯಸಿದ್ದೆಲ್ಲ ನಡೆಯಿತು. ಜನ ಸುತ್ತ ನೆರೆದರು, ಫೋಟೋ ತೆಗೆದುಕೊಂಡರು. ಬೀಗಿತ್ತಿ ಮಾತ್ರ ಒಂದು ಸುತ್ತು ಹಾಕಿ, ತುಟಿ ಬಿಗಿಹಿಡಿದು ಒಳಗೆ ಹೋದರು. ಹೊಟ್ಟೆಕಿಚ್ಚು ಅಂದುಕೊಂಡೆ. ಶಾಸ್ತ್ರ ಮುಗಿಯಿತು, ಊಟವಾಯಿತು, ನಮ್ಮ ಕಡೆಯವರ ಟೆಂಪೋ ಮುಂದೆ ಹೊರಟಿತು. ರಾಹುಕಾಲಕ್ಕೆ ಮುಂಚೆ ಹೊರಡಬೇಕೆಂದು ಮಗಳಿಗೆ ಅವಸರದಲ್ಲಿ ಮಡಿಲಕ್ಕಿ ತುಂಬಿದರು. ಹಸಿರು ಬಳೆ ತೊಟ್ಟು, ಸೆರಗಿನ ಗಂಟು ಹಿಡಿದುಕೊಂಡು ಅವಳು ಹೊಸಿಲು ದಾಟಿ ಬಂದಳು. ಹಾಗೆ ಮಡಿಲು ತುಂಬಿಕೊಂಡು ಹೊಸಿಲು ದಾಟಿದವಳು ಹೆರಿಗೆಯಾಗುವ ತನಕ ತಿರುಗಿ ಒಳಗೆ ಹೋಗುವ ಹಾಗಿಲ್ಲ.

ಇವರು ಬಾಗಿಲು ತೆಗೆದು ನಿಂತಿದ್ದರು. ಮಗಳು ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಆ ತಗ್ಗಿನ ಸೀಟಿಗೆ ಬಗ್ಗಿದಳು. ತಲೆ ತಗುಲದಿರಲೆಂದು ಇವರು ಅವಳ ನೆತ್ತಿಯ ಮೇಲೆ ಕೈಯಿಟ್ಟರು. ಕೈ ಅಲ್ಲೇ ನಿಂತಿತು.

“ಬ್ಯಾಡ ಕಣವ್ವ, ಈಚೆ ಬಾ. ಇದ್ರಲ್ಲಿ ಬ್ಯಾಡ.”

“ಯಾಕಪ್ಪಾಜಿ?”

“ಟೈರ್ ಹಳೇವು. ತಾರೀಕು ಒಳಗಡೆ ಐತೆ, ಯಾರಿಗೂ ಕಾಣಲ್ಲ. ಗೊತ್ತಿದ್ದೇ ಹಾಕ್ಸಿದೀನಿ.”

ಅಷ್ಟು ಜನರ ಮುಂದೆ ಹೇಳಿದರು. ಮಂಡಿಯಲ್ಲಿ ತೂಕ ತಪ್ಪಿದರೂ ಒಪ್ಪಿಕೊಳ್ಳುವ ಜೀವವಲ್ಲ ಅದು. ಗೇಟಿನ ಹತ್ತಿರ ಫೋಟೋ ತೆಗೆಯುತ್ತಿದ್ದವರು ಫೋನು ಇಳಿಸಿದರು. ಮಗಳು ಒಳಗೆ ಹೋಗುವ ಹಾಗಿರಲಿಲ್ಲ, ಅಂಗಳಕ್ಕೇ ಒಂದು ಕುರ್ಚಿ ತಂದು ಹಾಕಿದರು. ಅಳಿಯಂದಿರು ತಮ್ಮ ಕಾರು ತರಲು ಹೋದರು. ಬೀಗಿತ್ತಿ ನನ್ನ ಪಕ್ಕಕ್ಕೆ ಬಂದು, ನಮಗೂ ಈ ಕಾರಿನಲ್ಲಿ ಕಳಿಸಲು ಮನಸ್ಸಿರಲಿಲ್ಲ, ನೀವು ಏನಂದುಕೊಳ್ಳುತ್ತೀರೋ ಎಂದು ಸುಮ್ಮನಿದ್ದೆವು ಎಂದು ಮೆಲ್ಲಗೆ ಹೇಳಿದರು. ನನಗೆ ಇವರ ಮೇಲೆ ಬೆಂಕಿಯಂಥ ಕೋಪ ಬಂದಿತ್ತು. ಸುಳ್ಳು ಹೇಳಿದ್ದಕ್ಕೆ ಬೈಯಲು ಮಾತು ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲು ಹಾಕಿ, ಯಾರ ಮುಖವನ್ನೂ ನೋಡದೆ ಕಾರಿನ ಆಚೆ ಬದಿಗೆ ಹೋಗಿ ನಿಂತವರನ್ನು ನೋಡಿದ ಮೇಲೆ ಸಂಕಟವಾಯಿತು.

ಅಳಿಯಂದಿರ ಕಾರು ಬಂತು. ಮಗಳನ್ನು ಹಿಂದೆ ಒರಗಿಸಿ ಕೂರಿಸಿ, ಸೊಂಟಕ್ಕೆ ದಿಂಬು ಕೊಟ್ಟೆ. ಅಳಿಯಂದಿರು ಜೊತೆಗಿದ್ದರು, ಜಾಗ ನನಗೂ ಇತ್ತು. ಇವರು ಅಲ್ಲಿಂದಲೇ, ನೀನೂ ಅದರಲ್ಲೇ ಹೋಗು, ನಾನು ನಿಧಾನಕ್ಕೆ ತರುತ್ತೇನೆ ಎಂದರು.

ನಾನು ಮಗಳ ಕಾರಿನ ಬಾಗಿಲು ಹಾಕಿದೆ. ಈ ಕಡೆ ಬಂದು, ಸೊಂಟ ಹಿಡಿದುಕೊಂಡು ಆ ತಗ್ಗಿನ ಸೀಟಿಗೆ ಇಳಿದು ಕೂತೆ. ಆ ಟೈರಿನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅದಕ್ಕೇ ಅವರೊಬ್ಬರನ್ನೇ ಕಳಿಸಲು ಮನಸ್ಸು ಬರಲಿಲ್ಲ.